ಹೋಳಿ ಹಬ್ಬಕ್ಕೆ ಸುಟ್ಟದ್ದು ಯಾರನ್ನು ಮಾರ್ರೆ?

ಕುಡ್ಲದವ: ಆಫೀಸಲ್ಲಿ ನಾರ್ತ್‌ನವರು ಹೋಲಿಕಾ ಅಂತಾರೆ, ಹುಬ್ಬಳ್ಳಿಯ ರೂಮ್‌ಮೇಟ್ ಕಾಮ ಅಂತಾನೆ, ಯಾವುದು ಸರಿ? ಗೋಳಿಬಜೆ ಬೆಟ್ ಉಂಟು.

ಉಡುಪಿ ಅಕ್ಕ: ಎರಡೂ ಉಂಟು ಮಾರಾಯ. ಹೋಲಿಕಾ ಹಿರಣ್ಯಕಶಿಪುವಿನ ತಂಗಿ, ಬೆಂಕಿ ಸುಡುದಿಲ್ಲ ಅಂತ ವರ ಇತ್ತಲ್ಲ, ಪ್ರಹ್ಲಾದನನ್ನು ಮಡಿಲಲ್ಲಿ ಕೂರಿಸಿಕೊಂಡು ತಾನೇ ಸುಟ್ಟುಹೋದ್ಲು. ಕರ್ನಾಟಕದಲ್ಲಿ ಕಾಮನ ಕಥೆ ಜೋರು: ತಾರಕಾಸುರನನ್ನು ಕೊಲ್ಲಲಿಕ್ಕೆ ಶಿವನ ಮಗನೇ ಆಗ್ಬೇಕು, ಶಿವ ನೋಡಿದ್ರೆ ತಪಸ್ಸಲ್ಲಿ, ದೇವತೆಗಳು ಕಾಮನನ್ನು ಕಳಿಸಿದ್ರು, ಅವ ಹೂಬಾಣ ಬಿಟ್ಟ, ಮೂರನೇ ಕಣ್ಣು ತೆರೀತು, ಬೂದಿ. ರತಿ ಅತ್ತದ್ದಕ್ಕೆ ಮತ್ತೆ ಜೀವ ಬಂತು, ಆದ್ರೆ ದೇಹ ಇಲ್ಲ, ಅದಕ್ಕೇ ಅನಂಗ ಅನ್ನುದು. (ಪಾಪ, ಕಳಿಸಿದವರಿಗೆ ಏನೂ ಆಗ್ಲಿಲ್ಲ ನೋಡಿ.)

ಬಾರ್ಕೂರಿನವ: ನಮ್ಮಲ್ಲಿ ಕುಡುಬಿ ಸಮುದಾಯದವರ ಹೋಳಿ ಕುಣಿತ ನೋಡ್ಲಿಕ್ಕೆ ಬನ್ನಿ, ಗುಮಟೆ (ಮಣ್ಣಿನ ಮಡಕೆಯ ವಾದ್ಯ) ಸದ್ದು ಕೇಳಿದ್ರೆ ಬಣ್ಣ ಗಿಣ್ಣ ಎಲ್ಲ ಮರ್ತು ಹೋಗ್ತದೆ.

ಕುಡ್ಲದವ: ಹಾಗಾದ್ರೆ ಗೋಳಿಬಜೆ ದುಡ್ಡು ಅರ್ಧ ಅರ್ಧ.