ಕೌನ್ಸಿಲ್‌ನಲ್ಲಿ ಗೆದ್ದು ಒಂದು ವರ್ಷವಾಯಿತು, ದುಡ್ಡು ಬಂದಿಲ್ಲ. 12 ಲಕ್ಷಕ್ಕೆ ರಾಜಿ ಆಗಲಾ?

ಪ್ರಶ್ನೆ: ಪೇವರ್ ಬ್ಲಾಕ್ ಯೂನಿಟ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನವನಗರದ ಹತ್ತಿರ ನನ್ನದೊಂದು ಸಣ್ಣ ಪೇವರ್ ಬ್ಲಾಕ್ ಯೂನಿಟ್ ಇದೆ. ಒಂದು ಮಷಿನ್, ಒಂಬತ್ತು ಜನ ಕೆಲಸದವರು. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ) 2020ರಲ್ಲೇ ಆಗಿದೆ.

2023ರ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ದೊಡ್ಡ ಗುತ್ತಿಗೆ ಕಂಪನಿಗೆ ಲೇಔಟ್ ರಸ್ತೆಗೆಂದು 80 ಎಂಎಂ ಬ್ಲಾಕ್ ಕೊಟ್ಟೆ. ನಮ್ಮ ಹುಡುಗರೇ ಹಾಕಿಯೂ ಕೊಟ್ಟರು. ಹಾಕಿದ ಕೂಲಿಯ ಬಿಲ್ ಬೇರೆ, ಅದನ್ನು ಅವರು ಆಗಲೇ ಕೊಟ್ಟಿದ್ದಾರೆ. ಮಾಲಿನ ಬಾಕಿ 19,30,000 ರೂಪಾಯಿ ಹಾಗೇ ಉಳಿಯಿತು. ಕೇಳಿದರೆ, ಬ್ಲಾಕ್‌ಗಳ ಅಂಚು ಒಡೆದಿವೆ, ಮಾಲು ಸರಿಯಿಲ್ಲ ಅಂದರು.

ಒಡೆದದ್ದು ನಿಜ. ಯಾಕೆ ಒಡೆಯಿತು ಅಂತ ನನಗೆ ಗೊತ್ತು. ಸಂದುಗಳಿಗೆ ಮರಳು ತುಂಬಿ ಕುಟ್ಟುವ ಮುಂಚೆಯೇ ಅವರ ಟಿಪ್ಪರ್ ಜಲ್ಲಿ ಹೇರಿಕೊಂಡು ಅದರ ಮೇಲೆ ಓಡಾಡಿತ್ತು. ಆ ದಿನ ನಾನೇ ಸೈಟಿನಲ್ಲಿದ್ದೆ. ಬೂದು ಬ್ಲಾಕ್‌ಗಳ ಮೇಲೆ ಕೆಂಪು ಮಣ್ಣಿನ ಟೈರ್ ಗುರುತು, ಆ ಗುರುತಿನ ಉದ್ದಕ್ಕೂ ಮಾತ್ರ ಅಂಚು ಕಿತ್ತಿತ್ತು. ಪಕ್ಕದ ಸಾಲು ಒಂದೂ ಒಡೆದಿರಲಿಲ್ಲ. ಫೋಟೊ ತೆಗೆದಿಟ್ಟಿದ್ದೆ. ಅದೂ, ಕಾಲೇಜ್ ಲ್ಯಾಬ್‌ನ ಬ್ಲಾಕಿನ ಗಟ್ಟಿತನದ ಎಂ40 ಟೆಸ್ಟ್ ರಿಪೋರ್ಟೂ, ಅವರ ಸೂಪರ್‌ವೈಸರ್ ಸಹಿ ಇದ್ದ ಚಲನ್‌ಗಳೂ ಸೇರಿ ಸಣ್ಣ ಉದ್ದಿಮೆಗಳ ಬಾಕಿ ಜಗಳ ತೀರ್ಮಾನಿಸುವ ಫೆಸಿಲಿಟೇಷನ್ ಕೌನ್ಸಿಲ್ ನನ್ನ ಮಾತು ಒಪ್ಪಿತು. ಬಡ್ಡಿ ಸೇರಿ ಹತ್ತಿರ ಹತ್ತಿರ 24 ಲಕ್ಷದ ಅವಾರ್ಡ್ (ತೀರ್ಪು) ಆಯಿತು.

ಅವಾರ್ಡ್ ಪ್ರತಿ 2024ರ ಜೂನ್ 11ಕ್ಕೆ ಕೈಗೆ ಬಂತು. ಅವರು ಸೆಪ್ಟೆಂಬರ್ 27ಕ್ಕೆ ಕೋರ್ಟಿಗೆ ಹೋದರು. ಅಲ್ಲಿಂದ ಬರೀ ತಾರೀಖು. ಈಗ ಅವರ ಮ್ಯಾನೇಜರ್ ಫೋನ್ ಮಾಡಿ, "ಹತ್ತು ವರ್ಷ ಅಲೀತೀರಿ, 12 ಲಕ್ಷ ತಗೊಂಡು ಮುಗಿಸಿ" ಅನ್ನುತ್ತಾರೆ. ಮನೆಯವಳ ಬಂಗಾರ ಸೊಸೈಟಿಯಲ್ಲಿ ಅಡ ಇದೆ. ಬ್ಲಾಕ್ ಸರಿಯಿತ್ತೋ ಇಲ್ಲವೋ ಅನ್ನುವುದನ್ನು ಕೋರ್ಟು ಮತ್ತೆ ಮೊದಲಿಂದ ನೋಡುತ್ತದಾ? ರಾಜಿ ಆಗಿಬಿಡಲಾ?

ಉತ್ತರ 1: ವಕೀಲ, ಬೆಳಗಾವಿ

ಸರ್, ಫೋನಿನಲ್ಲಿ ಯಾವುದಕ್ಕೂ ಹೂಂ ಅನ್ನಬೇಡಿ. ಮೊದಲು ಒಂದು ವಿಷಯ ಹೇಳಿ. ಅವರು ಕೋರ್ಟಿನಲ್ಲಿ ದುಡ್ಡು ಕಟ್ಟಿದ್ದಾರಾ?

ಸಣ್ಣ ಉದ್ದಿಮೆಗಳಿಗೆಂದು ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ 19ನೇ ಕಲಂ ಪ್ರಕಾರ, ಕೌನ್ಸಿಲ್ ಅವಾರ್ಡನ್ನು ಪ್ರಶ್ನಿಸುವ ಖರೀದಿದಾರ 75% ಹಣ ಡೆಪಾಸಿಟ್ ಮಾಡಬೇಕು. ಮಾಡದಿದ್ದರೆ ಕೋರ್ಟು ಅರ್ಜಿಯನ್ನು ವಿಚಾರಣೆಗೇ ತಗೊಳ್ಳುವಂತಿಲ್ಲ. ನಿಮ್ಮ 24 ಲಕ್ಷಕ್ಕೆ ಅದು 18 ಲಕ್ಷ. ಇದನ್ನು ಮನ್ನಾ ಮಾಡಲು ಬರುವುದಿಲ್ಲ, ಕಷ್ಟವಿದ್ದರೆ ಕಂತಿನಲ್ಲಿ ಕಟ್ಟಲು ಬಿಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟಿದ ಹಣದಲ್ಲಿ ಒಂದು ಪಾಲನ್ನು ಕೇಸ್ ನಡೆಯುವಾಗಲೇ ನಿಮಗೆ ಕೊಡಿಸಲು ಅದೇ ಕಲಂನಲ್ಲಿ ದಾರಿ ಇದೆ. ಅದಕ್ಕೆ ನೀವೇ ಅರ್ಜಿ ಹಾಕಬೇಕು.

ಎರಡನೆಯದು ತಾರೀಖು. ಇಂಥ ಅವಾರ್ಡಿಗೂ ಅನ್ವಯಿಸುವ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಕಾಯ್ದೆಯ 34ನೇ ಕಲಂನಲ್ಲಿ ಅವಾರ್ಡ್ ಪ್ರಶ್ನಿಸಲು ಪ್ರತಿ ಸಿಕ್ಕ ದಿನದಿಂದ 3 ತಿಂಗಳು. ತಕ್ಕ ಕಾರಣವಿದ್ದರೆ ಇನ್ನು 30 ದಿನ, ಅದರ ಮೇಲೆ ಒಂದು ದಿನವೂ ಇಲ್ಲ. ಅವರಿಗೂ ಜೂನ್ 11ಕ್ಕೇ ಸಿಕ್ಕಿದ್ದರೆ ಮೂರು ತಿಂಗಳು ಸೆಪ್ಟೆಂಬರ್ 11ಕ್ಕೆ ಮುಗಿದಿತ್ತು. ತಡ ಯಾಕಾಯಿತು ಅಂತ ಅವರು ಕಾರಣ ತೋರಿಸಬೇಕು. ಅವರಿಗೆ ಪ್ರತಿ ಸಿಕ್ಕ ದಿನ ಅವರ ಅರ್ಜಿಯಲ್ಲೇ ಬರೆದಿರುತ್ತಾರೆ, ತೆಗೆದು ನೋಡಿ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ: ಇಲ್ಲ. 34ನೇ ಕಲಂ ಅಪೀಲ್ ಅಲ್ಲ. ಟೆಸ್ಟ್ ರಿಪೋರ್ಟ್ ನಂಬಬೇಕಿತ್ತಾ, ಫೋಟೊ ಸಾಕಾ ಅಂತ ಕೋರ್ಟು ಸಾಕ್ಷಿಯನ್ನು ಮತ್ತೆ ತೂಗುವುದಿಲ್ಲ. ನೋಟಿಸ್ ಕೊಡದೆ ತೀರ್ಮಾನ ಮಾಡಿದ್ದು, ಎದ್ದು ಕಾಣುವ ಕಾನೂನು ತಪ್ಪು, ಇಂಥ ಕೆಲವೇ ಕಾರಣಗಳಿಗೆ ಅವಾರ್ಡ್ ಬೀಳುತ್ತದೆ. ಅವರು ಜೋರಾಗಿ ಹಿಡಿಯುವುದು ಬೇರೆ ಒಂದನ್ನು. ಇದು ವರ್ಕ್ಸ್ ಕಾಂಟ್ರಾಕ್ಟ್ (ಮಾಲು, ಕೂಲಿ ಸೇರಿದ ಒಟ್ಟು ಕೆಲಸದ ಗುತ್ತಿಗೆ), 2006ರ ಕಾಯ್ದೆಗೇ ಬರುವುದಿಲ್ಲ ಅನ್ನುತ್ತಾರೆ. ಬಾಂಬೆ ಹೈಕೋರ್ಟ್ ಆ ಕಡೆ ತೀರ್ಪು ಕೊಟ್ಟಿದೆ. ಅದಕ್ಕೇ ನಿಮ್ಮ ಮಾಲಿನ ಬಿಲ್, ಕೂಲಿ ಬಿಲ್ ಬೇರೆ ಬೇರೆ ಇರುವುದು ಬಂಗಾರದಂಥ ದಾಖಲೆ. ಮೂಲ ಪ್ರತಿ ಜೋಪಾನ.

ಉತ್ತರ 2: ಲೆಕ್ಕಪತ್ರ ನೋಡುವವಳು, ಜಮಖಂಡಿ

ಅಣ್ಣ, 12 ಲಕ್ಷ ಅಂದರೆ ನಿಮ್ಮ ಅಸಲಿಗೇ ಕಡಿಮೆ! 2006ರ ಕಾಯ್ದೆಯ 16ನೇ ಕಲಂನ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. 2023ರ ಫೆಬ್ರವರಿಯಿಂದ ಎರಡು ವರ್ಷ ಆ ದರ 6.75% ಇತ್ತು, ಅಂದರೆ ಬಡ್ಡಿ 20.25%. ಅವಾರ್ಡ್‌ನಲ್ಲಿ ಹಣ ಕೊಡುವ ದಿನದವರೆಗೆ ಎಂದಿದ್ದರೆ ಆ 24 ಲಕ್ಷ ಇವತ್ತು ಇನ್ನೂ ಜಾಸ್ತಿ ಆಗಿದೆ. ಬಡ್ಡಿ ಹಾಳೆಯನ್ನು ಒಮ್ಮೆ ಯಾರಿಂದಲಾದರೂ ತಾಳೆ ಮಾಡಿಸಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲೆಕ್ಕದ ತಪ್ಪಿನಂಥವನ್ನು ಕೋರ್ಟೇ ತಿದ್ದಬಹುದು ಎಂದಿದೆ. ಅಷ್ಟಕ್ಕೆ ಇಡೀ ಅವಾರ್ಡ್ ಬೀಳಬೇಕಾಗಿಲ್ಲ.

ಉತ್ತರ 3: ಹಳೆ ಗುತ್ತಿಗೆದಾರ, ವಿಜಯಪುರ

ತಮ್ಮಾ, ನಾನು ಇದೇ ಜಾಗದಲ್ಲಿ ಸೋತವನು. ಅವರು ಕೋರ್ಟಿಗೆ ಹೋದರು ಅಂತ ಕೈಕಟ್ಟಿ ಕೂತೆ. ಮುಂಚೆ ಅರ್ಜಿ ಹಾಕಿದರೆ ಸಾಕು, ಅವಾರ್ಡ್ ತಾನೇ ನಿಲ್ಲುತ್ತಿತ್ತು. ಆರ್ಬಿಟ್ರೇಷನ್ ಕಾಯ್ದೆಗೆ 2015ರ ತಿದ್ದುಪಡಿ ಆದಮೇಲೆ ಹಾಗಿಲ್ಲ, ಸ್ಟೇ ಬೇರೆ ಕೇಳಿ ಪಡೆಯಬೇಕು. ಅದು ನನಗೆ ಎರಡು ವರ್ಷ ತಡವಾಗಿ ತಿಳಿಯಿತು. ಅಷ್ಟರಲ್ಲಿ ಆ ಕಂಪನಿಯ ಅಕೌಂಟಿನಲ್ಲಿ ಏನೂ ಉಳಿದಿರಲಿಲ್ಲ. ಸ್ಟೇ ಇಲ್ಲದಿದ್ದರೆ ನಾಳೆಯೇ ಎಕ್ಸಿಕ್ಯೂಷನ್ (ಹಣ ವಸೂಲಿಯ ಅರ್ಜಿ) ಹಾಕಿಸು. ಅವರಿಗೆ ಯಾವ ಇಲಾಖೆಯಿಂದ ಬಿಲ್ ಬರಬೇಕಿದೆ ಅಂತ ಹುಡುಕು. ಆ ಬಿಲ್ಲನ್ನೇ ಜಪ್ತಿ ಮಾಡಿಸಲು ಬರುತ್ತದೆ.

ಪ್ರಶ್ನೆ ಕೇಳಿದವರು:

ಇವತ್ತು ಮಧ್ಯಾಹ್ನ ಕೋರ್ಟಿಗೆ ಹೋಗಿ ಫೈಲ್ ನೋಡಿಸಿದೆ. ಡೆಪಾಸಿಟ್ ಒಂದು ರೂಪಾಯಿಯೂ ಇಲ್ಲ. ಸ್ಟೇ ಕೇಳಿದ್ದಾರೆ, ಆದೇಶ ಆಗಿಲ್ಲ. ಅವಾರ್ಡ್ ಸಿಕ್ಕ ದಿನ ಜೂನ್ 11 ಅಂತ ಅವರೇ ಬರೆದಿದ್ದಾರೆ, ತಡಕ್ಕೆ ಕಾರಣದ ಅರ್ಜಿ ಫೈಲಿನಲ್ಲಿ ಕಾಣಲಿಲ್ಲ. ಇಷ್ಟು ದಿನ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸೋಮವಾರ ನಮ್ಮ ವಕೀಲರ ಹತ್ತಿರ ಕೂತು 19ನೇ ಕಲಂ ಅರ್ಜಿ, ಎಕ್ಸಿಕ್ಯೂಷನ್ ಎರಡನ್ನೂ ಬರೆಸುತ್ತೇನೆ. ಮ್ಯಾನೇಜರ್ ಫೋನ್ ಸಂಜೆ ಎರಡು ಸಲ ಬಂತು, ಎತ್ತಲಿಲ್ಲ.