ನರ್ಸ್‌ಗಳ ಗ್ರೂಪಲ್ಲಿ ಹೊಸ ಸ್ಟಾಫ್ ನರ್ಸ್‌ಗಳ ಪ್ರಶ್ನೆ, ಎಜುಕೇಟರ್ ಮೇಡಂ ಉತ್ತರ

ಹೊಸ ಸ್ಟಾಫ್: ಮೇಡಂ, 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕು ಅಂದರೆ ನಿಮಿಷಕ್ಕೆ ಎಷ್ಟು ಡ್ರಾಪ್?

ಎಜುಕೇಟರ್: 20 ಡ್ರಾಪ್ ಸೆಟ್ ಆದರೆ 500 × 20 ÷ 240, ಅಂದರೆ 42. ಸೆಟ್ ಕವರ್ ಮೇಲೆ ಡ್ರಾಪ್ ಫ್ಯಾಕ್ಟರ್, ಅಂದರೆ 1 ಎಂಎಲ್‌ಗೆ ಎಷ್ಟು ಡ್ರಾಪ್ ಅನ್ನೋದನ್ನು, ಓದಿ. ಮೈಕ್ರೋ ಸೆಟ್‌ಗೆ ಅದು 60.

ರಾತ್ರಿಪಾಳಿ: ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನ. ಸಂಜೆ ಉಸಿರಾಟ 18, ಪಲ್ಸ್ 92, ಸ್ಯಾಚುರೇಷನ್ 97, ಜ್ವರ ಇಲ್ಲ. ರಾತ್ರಿ ಉಸಿರಾಟ 26, ಪಲ್ಸ್ 112, ಸ್ಯಾಚುರೇಷನ್ 95, ಜ್ವರ 38.2, ಬಿಪಿ 118/76. ಆಕ್ಸಿಜನ್ ಹಾಕಿಲ್ಲ, ಪೂರ್ತಿ ಎಚ್ಚರ. ಡ್ಯೂಟಿ ಡಾಕ್ಟರ್ ಫೋನಲ್ಲೇ "ಬಿಪಿ ಸರಿ ಇದೆಯಲ್ಲ, ನೋಡ್ಕೊಳ್ಳಿ" ಅಂದರೆ ಹೊಸಬರು ಏನು ಮಾಡಬೇಕು?

ಎಜುಕೇಟರ್: ಇದು ಈ ಹೊತ್ತಿನ ಪೇಷೆಂಟ್ ಆಗಿದ್ದರೆ ಮೊಬೈಲ್ ಇಟ್ಟು ಈಗಲೇ ಇನ್‌ಚಾರ್ಜ್ ಸಿಸ್ಟರ್‌ನ ಕರೀರಿ.

ಬಿಪಿ ಬೀಳೋದು ಎಷ್ಟೋ ಸಲ ಕೊನೆಗೆ, ಉಸಿರಾಟ ಏರೋದು ಮೊದಲು. ನ್ಯೂಸ್-2, ಅಂದರೆ ಪೇಷೆಂಟ್ ಹದಗೆಡೋದನ್ನು ಮೊದಲೇ ತೋರಿಸೋ ಸ್ಕೋರ್, ಹಾಕಿ ನೋಡಿ: ಉಸಿರಾಟಕ್ಕೆ 3, ಪಲ್ಸ್‌ಗೆ 2, ಸ್ಯಾಚುರೇಷನ್‌ಗೆ 1, ಜ್ವರಕ್ಕೆ 1. ಸಂಜೆ 1 ಇದ್ದದ್ದು ಈಗ 7. 7 ಅಂದರೆ ಎಮರ್ಜೆನ್ಸಿ. ಸೆಪ್ಸಿಸ್, ಹೊಟ್ಟೆ ಒಳಗಿನ ಹೊಲಿಗೆ ಜಾಗದ ಲೀಕ್, ನ್ಯುಮೋನಿಯಾ, ಶ್ವಾಸಕೋಶಕ್ಕೆ ಹೆಪ್ಪು, ಒಳಗೇ ರಕ್ತಸ್ರಾವ, ಯಾವುದೂ ಇರಬಹುದು.

ಮತ್ತೆ ಫೋನ್ ಮಾಡುವಾಗ "ಯಾಕೋ ಸುಸ್ತಾಗಿದ್ದಾರೆ ಡಾಕ್ಟ್ರೇ" ಅನ್ನಬೇಡಿ. "ಆಪರೇಷನ್ ಆಗಿ ಎರಡನೇ ದಿನ, ಸ್ಕೋರ್ 1ರಿಂದ 7ಕ್ಕೆ ಏರಿದೆ, ಸೆಪ್ಸಿಸ್ ಅನುಮಾನ, ಈಗಲೇ ಬಂದು ನೋಡಬೇಕು" ಅನ್ನಿ. ಬರದಿದ್ದರೆ ಅವರ ಮೇಲಿನವರಿಗೆ, ಎಮರ್ಜೆನ್ಸಿ ಟೀಮ್ ಇದ್ದರೆ ಅವರಿಗೆ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ, ಅವರು ಏನಂದರು, ಎಲ್ಲ ನೋಟ್ಸ್‌ನಲ್ಲಿ ಬರಲಿ. ಅಷ್ಟರಲ್ಲಿ ಮಾನಿಟರ್ ಹಾಕಿ, ತಲೆ ಕಡೆ ಎತ್ತರಿಸಿ, ಕ್ಯಾನುಲಾ, ಡ್ರೇನ್, ಗಾಯ ನೋಡಿ. ಯೂರಿನ್ ಗಂಟೆಗೊಮ್ಮೆ ಅಳೀರಿ, ಕೆಜಿಗೆ 0.5 ಎಂಎಲ್‌ಗಿಂತ ಕಡಿಮೆ ಆದರೆ ಅದನ್ನೂ ಹೇಳಿ.

ಉಸಿರಾಟ ಪೂರ್ತಿ 60 ಸೆಕೆಂಡ್ ಎಣಿಸಿ. ಇಡೀ ವಾರ್ಡ್‌ಗೆ 20 ಅಂತ ಬರೆದ ಚಾರ್ಟ್ ಚಾರ್ಟೇ ಅಲ್ಲ.

ಓಟಿ ಬ್ರದರ್: ಮೇಡಂ, ಈ ಫಾರ್ವರ್ಡ್ ನಿಜಾನಾ? "ಸೂಜಿ ಚುಚ್ಚಿದರೆ ತಕ್ಷಣ ಹಿಂಡಿ ರಕ್ತ ತೆಗೆದು ಬ್ಲೀಚ್ ಹಾಕಿ."

ಎಜುಕೇಟರ್: ಹಿಂಡಬೇಡಿ, ಬ್ಲೀಚ್ ಬೇಡ. ಸೋಪು, ಹರಿಯುವ ನೀರು. ಕೂಡಲೇ ರಿಪೋರ್ಟ್ ಮಾಡಿ. ಎಚ್‌ಐವಿ ತಡೆ ಔಷಧಿ ಬೇಕಾದರೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಫಾರ್ವರ್ಡ್ ನಂಬಿ ಆ ಸಮಯ ಕಳೀತೀರಲ್ಲ, ಅಪಾಯ ಅದು. ಇಂಥವನ್ನು ಇಲ್ಲಿ ಹಾಕಬೇಡಿ.

ಐಸಿಯು ಆಸೆ: ಎಸಿಎಲ್‌ಎಸ್ (ಹೃದಯ ನಿಂತಾಗಿನ ಎಮರ್ಜೆನ್ಸಿ ಚಿಕಿತ್ಸೆಯ ಕೋರ್ಸ್) ಮೊದಲು ಮಾಡಲಾ, ವಾರ್ಡ್ ಅನುಭವ ಮೊದಲಾ?

ಓಟಿ ಬ್ರದರ್: ಸರ್ಟಿಫಿಕೇಟ್ ಇಲ್ಲದೆ ಐಸಿಯುಗೆ ಯಾರು ತಗೋತಾರೆ?

ಹಳೇ ಸಿಸ್ಟರ್: ಮಾನಿಟರ್‌ನಲ್ಲಿ ವಿಎಫ್, ಆ ಜೀವಕ್ಕೇ ಅಪಾಯದ ಹೃದಯದ ಲಯ, ಯಾವುದು ಅಂತ ಗೊತ್ತಾಗದವರಿಗೆ ಸರ್ಟಿಫಿಕೇಟ್ ಯಾಕೆ ಬ್ರದರ್?

ಓಟಿ ಬ್ರದರ್: ಕಲಿಯೋಕೇ ಅಲ್ವಾ ಕೋರ್ಸು?

ಹಳೇ ಸಿಸ್ಟರ್: ಅಲ್ಲಿ ಇಸಿಜಿ ಅಆಇಈ ಕಲಿಸಲ್ಲ. ಓದಿಕೊಂಡೇ ಹೋಗಬೇಕು. ಸೀನಿಯರ್ ಮಾತಿಗೆ ಬೆಲೆ ಇಲ್ಲ ಈಗ.

ಓಟಿ ಬ್ರದರ್: ಬೆಲೆ ಸರ್ವೀಸ್ ಲೆಕ್ಕದಲ್ಲಿ ಬರಲ್ಲ ಸಿಸ್ಟರ್.

ವಾರ್ಡ್ ಐದು: ನೈಟ್ ಡ್ಯೂಟಿಯಿಂದ ನೇರ ಡೇ ಡ್ಯೂಟಿ ಹಾಕಿದರೆ ಬೇಡ ಅನ್ನಬಹುದಾ?

ಫಾರ್ಮಸಿ ಪಕ್ಕ: ಪೊಟ್ಯಾಸಿಯಂ ಕ್ಲೋರೈಡ್ ಸಿರಿಂಜ್‌ನಿಂದ ನೇರ ರಕ್ತನಾಳಕ್ಕೆ ನಿಧಾನವಾಗಿ ಪುಶ್ ಕೊಡಬಹುದು ಅಂತ ಇನ್ನೊಂದು ಗ್ರೂಪಲ್ಲಿ ಹೇಳ್ತಿದಾರೆ.

ಎಜುಕೇಟರ್: ಎಷ್ಟೇ ನಿಧಾನ ಆದರೂ ಪುಶ್ ಇಲ್ಲ. ಹೃದಯ ನಿಲ್ಲುತ್ತೆ. ಡೈಲ್ಯೂಟ್ ಮಾಡಿ, ಬ್ಯಾಗ್ ಚೆನ್ನಾಗಿ ತಿರುಗಿಸಿ ಬೆರೆಸಿ, ಪಂಪ್‌ನಲ್ಲಿ. ಕೈಯ ಲೈನ್‌ನಲ್ಲಿ ಸಾಮಾನ್ಯವಾಗಿ ಗಂಟೆಗೆ 10 ಎಂಇಕ್ಯೂ ಮೀರಿಸಲ್ಲ. ಆ ಗ್ರೂಪ್ ಬಿಡಿ.

ಹೊಸಬಳು: ಮೇಡಂ, ಡ್ರಾಪ್ ಲೆಕ್ಕ ಹೇಗೆ?

ಎಜುಕೇಟರ್: ಮೇಲೆ ಇದೆ.

ಐಸಿಯು ಆಸೆ: ನನ್ನ ಪ್ರಶ್ನೆ ಮೇಡಂ?

ಹಳೇ ಸಿಸ್ಟರ್: ನಾನು ಹೇಳಿದ್ದು ಉತ್ತರ ಅಲ್ವೇನಮ್ಮಾ?