ಕ್ರಿಕೆಟ್ ಆಪ್‌ನಲ್ಲಿ ಗೆದ್ದ ಹಣ ಮತ್ತು ಆದಾಯ ತೆರಿಗೆ: ಸದಸ್ಯರ ಪ್ರಶ್ನೆ, ಲೆಕ್ಕಪರಿಶೋಧಕರ ಉತ್ತರ

ಪ್ರಶ್ನೆ (ಕಾರವಾರದ ಸದಸ್ಯರು): ಮೇಡಂ, ನಮಸ್ಕಾರ. ನಾನು ಖಾಸಗಿ ಕಂಪನಿಯ ನೌಕರ, ವರ್ಷದ ಸಂಬಳ ಸುಮಾರು 9 ಲಕ್ಷ ರೂಪಾಯಿ. 2025ರ ಏಪ್ರಿಲ್‌ನಲ್ಲಿ ಐಪಿಎಲ್ ನಡೆಯುತ್ತಿದ್ದಾಗ ಒಂದು ಆಪ್‌ಗೆ 60,000 ರೂಪಾಯಿ ತುಂಬಿದ್ದೆ. ಅದು 2,10,000 ಆದಾಗ ಪೂರ್ತಿ ತೆಗೆದೆ. ಅವರು 45,000 ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಿದರು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಾದ್ದರಿಂದ ಆ 45,000 ವಾಪಸು ಬರಬೇಕಲ್ಲವೆ? ಅದೇ ವರ್ಷ ಬೆಂಗಳೂರಿನ ಕುದುರೆ ರೇಸಿನಲ್ಲಿ 40,000 ಕಳೆದುಕೊಂಡಿದ್ದೇನೆ, ಅದನ್ನು ಗೆಲುವಿನಿಂದ ಕಳೆಯಬಹುದೆ?

ಉತ್ತರ: ನಮಸ್ಕಾರ ಸರ್. ಎರಡಕ್ಕೂ ಉತ್ತರ ಇಲ್ಲ ಎಂದೇ.

ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ 1961ರ ಕಾಯ್ದೆಯ 115ಬಿಬಿಜೆ ಕಲಮಿನಡಿ ನೇರವಾಗಿ ಶೇಕಡಾ 30ರ ತೆರಿಗೆ ಇದೆ. ಅದಕ್ಕೆ ಮೂಲ ವಿನಾಯಿತಿ ಮಿತಿಯಾಗಲಿ, 12 ಲಕ್ಷದವರೆಗೆ ತೆರಿಗೆ ಸೊನ್ನೆ ಮಾಡುವ, ಸಂಬಳದ ಮೇಲೆ ನಿಮಗೆ ಸಿಗುವ 87ಎ ರಿಯಾಯಿತಿಯಾಗಲಿ ಅನ್ವಯಿಸುವುದಿಲ್ಲ. ಸಂಬಳದ ತೆರಿಗೆ ಸೊನ್ನೆಯಾದರೂ ಗೆಲುವಿನ ತೆರಿಗೆ ಪ್ರತ್ಯೇಕವಾಗಿ ನಿಲ್ಲುತ್ತದೆ. ನಿಮ್ಮ ನಿವ್ವಳ ಗೆಲುವು, ಅಂದರೆ ತೆಗೆದ 2,10,000ದಲ್ಲಿ ತುಂಬಿದ 60,000 ಕಳೆದರೆ ಉಳಿಯುವ 1,50,000. ಅದರ ಶೇಕಡಾ 30, 45,000 ಆಯಿತು. ಅದರ ಮೇಲೆ ಶೇಕಡಾ 4ರ ಸೆಸ್ 1,800 ಸೇರಿ ಒಟ್ಟು 46,800. ಹಣ ಕೊಡುವ ಮೊದಲೇ ಆಪ್‌ನವರು ತೆರಿಗೆ (ಟಿಡಿಎಸ್) ಮುರಿಯುವಾಗ ಸೆಸ್ ಸೇರಿಸುವುದಿಲ್ಲವಾದ್ದರಿಂದ ವಾಪಸು ಬರುವುದಿರಲಿ, 1,800 ನೀವೇ ತುಂಬಬೇಕಾಗುತ್ತದೆ.

ಕುದುರೆ ರೇಸಿನ ನಷ್ಟದ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಬಾಜಿಯ ಗೆಲುವಿನಿಂದ ಯಾವ ಖರ್ಚನ್ನೂ ಕಳೆಯಲು 58(4) ಕಲಮು ಬಿಡುವುದಿಲ್ಲ. ರೇಸಿನ ಕುದುರೆ ಸಾಕುವ ಮಾಲೀಕರಿಗೆ ಮಾತ್ರ ಬೇರೆ ವ್ಯವಸ್ಥೆ ಇದೆ, ಟಿಕೆಟ್ ಕೊಂಡು ಬಾಜಿ ಕಟ್ಟುವವರಿಗಲ್ಲ. ಗೆದ್ದಾಗ ಪಾಲು ಕೇಳುವ ಸರ್ಕಾರ ಸೋತಾಗ ತಿರುಗಿಯೂ ನೋಡದಿರುವುದು ನ್ಯಾಯವೆಂದು ನನಗೂ ಅನ್ನಿಸುವುದಿಲ್ಲ, ಆದರೆ ರಿಟರ್ನ್ಸ್ ತುಂಬುವಾಗ ನನ್ನ ಅನ್ನಿಸಿಕೆಗೆ ಕಾಲಂ ಇಲ್ಲ.

ರಿಟರ್ನ್ಸ್‌ಗೆ ಐಟಿಆರ್-1 ನಮೂನೆ ನಿಮಗೆ ನಡೆಯದು, ಐಟಿಆರ್-2 ತುಂಬಿ. ಮೊದಲು ನಿಮ್ಮ ಹೆಸರಿನಲ್ಲಿ ಮುರಿದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿ ತೆರೆದು, ಆಪ್‌ನವರು ಮುರಿದ 45,000 ನಿಮ್ಮ ಪ್ಯಾನ್‌ನಲ್ಲಿ 194ಬಿಎ (ಆನ್‌ಲೈನ್ ಆಟದ ಟಿಡಿಎಸ್ ಕಲಮು) ಎಂದು ಜಮೆಯಾಗಿದೆಯೇ ನೋಡಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ ನಿಜ, ಆದರೆ ಅದಕ್ಕೂ ಮುಂಚಿನ ಗೆಲುವಿನ ತೆರಿಗೆ ಅದರಿಂದ ಮನ್ನಾ ಆಗುವುದಿಲ್ಲ.

ಪ್ರಶ್ನೆ (ಶಿರಸಿಯ ಸದಸ್ಯರು): ಇದಕ್ಕೆ ಹೊಂದಿಕೊಂಡೇ ಕೇಳುತ್ತೇನೆ, ಮೇಡಂ. ನಮ್ಮ ಬಾವನ ಮಗನಿಗೆ ಅದೇ ಐಪಿಎಲ್ ಹೊತ್ತಿನಲ್ಲಿ ಪರಿಚಯದ ಬುಕ್ಕಿಯೊಬ್ಬನಿಂದ 1 ಲಕ್ಷ ರೂಪಾಯಿ ನಗದು ಬಂತು. ಈಗ ಅದು ಬ್ಯಾಂಕಿನಲ್ಲಿದೆ. ತೋಟ ಇರುವುದರಿಂದ ಅಡಿಕೆ ಹಣವೆಂದು ತೋರಿಸಿದರೆ ತೆರಿಗೆಯೇ ಬೀಳುವುದಿಲ್ಲ ಎಂದು ಯಾರೋ ಹೇಳಿದ್ದಾರಂತೆ. ಹೀಗೆ ಮಾಡಬಹುದೆ?

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ. ಕೃಷಿ ಆದಾಯಕ್ಕೆ ವಿನಾಯಿತಿ ಇರುವುದು ತೋಟದಿಂದ ಬಂದ ಹಣಕ್ಕೆ. ಇಲಾಖೆಯವರು ಕೇಳಿದರೆ ಎಷ್ಟು ಕ್ವಿಂಟಲ್ ಚಾಲಿ ಅಡಿಕೆ, ಎಷ್ಟು ಕ್ವಿಂಟಲ್ ರಾಶಿ ಅಡಿಕೆ, ಯಾವ ತಾರೀಖಿಗೆ ಯಾರಿಗೆ ಕೊಟ್ಟದ್ದು ಎಂಬ ಪಟ್ಟಿ ಮುಂದಿಡಬೇಕು. ಸೊಸೈಟಿಯ ಪುಸ್ತಕದಲ್ಲಿ ಇಲ್ಲದ ಅಡಿಕೆಗೆ ಪಟ್ಟಿ ಎಲ್ಲಿಂದ ಬರಬೇಕು? ಮೂಲ ಹೇಳಲಾಗದ ಹಣವೆಂದು 115ಬಿಬಿಇ ಕಲಮಿಗೆ ಹೋದರೆ, 2025–26ರ ಲೆಕ್ಕದಲ್ಲಿ ಸರ್ಚಾರ್ಜ್ ಮತ್ತು ಸೆಸ್ ಸೇರಿ ಶೇಕಡಾ 78, ಅಂದರೆ 1 ಲಕ್ಷಕ್ಕೆ 78,000 ತೆರಿಗೆ ಬೀಳುತ್ತದೆ, ದಂಡ ಬೇರೆ. ಬಾಜಿಯ ಗೆಲುವು ಎಂದೇ 115ಬಿಬಿ ಅಡಿಯಲ್ಲಿ ತೋರಿಸಿದರೆ 31,200ಕ್ಕೆ ಮುಗಿಯುತ್ತದೆ.

ಬುಕ್ಕಿಯೊಂದಿಗಿನ ಬಾಜಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಆದಾಯ ತೆರಿಗೆ ಮಾತ್ರ ಹಣ ಕಾನೂನುಬದ್ಧವೋ ಅಲ್ಲವೋ ಎಂದು ನೋಡಿ ಬೀಳುವುದಲ್ಲ; ತೆರಿಗೆ ಕಟ್ಟಿದ ಮಾತ್ರಕ್ಕೆ ಅಪರಾಧ ಅಳಿಯುವುದೂ ಇಲ್ಲ. ಆದ್ದರಿಂದ ಆ ಹುಡುಗ ರಿಟರ್ನ್ಸ್‌ಗೆ ಮೊದಲು ವಕೀಲರೊಬ್ಬರನ್ನು ಕಂಡು ಬರಲಿ. ಬುಕ್ಕಿ ಟಿಡಿಎಸ್ ಮುರಿದಿರುವುದಿಲ್ಲವಾದ್ದರಿಂದ ಇಡೀ 31,200 ಇವನೇ ತುಂಬಬೇಕು. ತೆರಿಗೆ 10,000 ದಾಟಿದ ಕಾರಣ 2026ರ ಮಾರ್ಚ್ ಒಳಗೇ ಮುಂಗಡವಾಗಿ ಕಟ್ಟಬೇಕಾಗಿತ್ತು. ಕಟ್ಟಿರದಿದ್ದರೆ ಬಡ್ಡಿಯನ್ನೂ ಸೇರಿಸಿ ಚಲನ್ ತುಂಬಲಿ.